ಕಿವಿಯಲ್ಲೇ ಪುಟ ತಿರುವಿ

"ಎಲ್ಲರೂ ನೂರಾ ಹನ್ನೆರಡನೇ ಪುಟ ತೆಗೀರಿ" ಅಂತ ಮೇಷ್ಟ್ರು ಹೇಳಿದರೆ ತರಗತಿಯಲ್ಲಿ ಸರಸರ ಸದ್ದೊಂದು ಎದ್ದು ಅಡಗುತ್ತದೆ. ನಲವತ್ತು ಮಕ್ಕಳ ಕೈ ನಲವತ್ತು ಪುಸ್ತಕದೊಳಗೆ ಹೊಕ್ಕು, ನಾಲ್ಕಾರು ಹಾಳೆ ಹಿಂದೆ ಮುಂದೆ ಆಡಿ, ಬೇಕಾದಲ್ಲಿ ನಿಲ್ಲಲು ಐದಾರು ಸೆಕೆಂಡು ಸಾಕು. ಮುಂದಿನ ಬೆಂಚಿನಲ್ಲಿ ಕಣ್ಣು ಕಾಣದ ಹುಡುಗನೊಬ್ಬ ಕೂತಿದ್ದಾನೆ ಎಂದುಕೊಳ್ಳಿ. ಕಾಲ ಕ್ಯಾಸೆಟ್ಟಿನದು. ಅವನ ಮುಂದೆ ಟೇಪ್‌ರೆಕಾರ್ಡರ್ ಇದೆ, ಅದರೊಳಗೆ ಅದೇ ಪಠ್ಯಪುಸ್ತಕ ಇದೆ, ಯಾರೋ ಪುಣ್ಯಾತ್ಮರು ಓದಿ ಕೊಟ್ಟದ್ದು. ಆದರೆ ನೂರಾ ಹನ್ನೆರಡನೇ ಪುಟ ಯಾವ ಕ್ಯಾಸೆಟ್ಟಿನ ಯಾವ ಬದಿಯಲ್ಲಿದೆ? ಅಂದಾಜಿನ ಮೇಲೆ ಒಂದನ್ನು ಹಾಕುತ್ತಾನೆ. ಮುಂದೋಡಿಸಿ ನಿಲ್ಲಿಸಿ ಕೇಳಿದರೆ ಪಾಠ ದಾಟಿಹೋಗಿದೆ. ಹಿಂದೋಡಿಸಿದರೆ ಹಿಂದಿನ ಪಾಠದ ಅಭ್ಯಾಸದ ಪ್ರಶ್ನೆಗಳು. ಅವನಿಗೆ ಪುಟ ಸಿಗುವ ಹೊತ್ತಿಗೆ ಮೇಷ್ಟ್ರು ಬೋರ್ಡು ಒರೆಸುತ್ತಿರುತ್ತಾರೆ.

ಪುಸ್ತಕ ಅವನ ಬಳಿ ಇದೆ, ಪುಟಗಳಿಲ್ಲ. ಮೊದಲಿಂದ ಕೊನೆಯವರೆಗೆ ಕೇಳಿಸಿಕೊಂಡರೆ ಓದು ಮುಗಿಯಿತು ಅನ್ನುವುದಾದರೆ ಕ್ಯಾಸೆಟ್ಟು ಸಾಕಿತ್ತು. ಪರಿವಿಡಿ ನೋಡಿ ಮೂರನೇ ಅಧ್ಯಾಯಕ್ಕೆ ಹಾರುವುದು, ಅರ್ಥವಾಗದ ಸಾಲಿಗೆ ಮರಳುವುದು, ಅಡಿಟಿಪ್ಪಣಿಯನ್ನು ಬಿಟ್ಟು ಸಾಗುವುದು, ಪರೀಕ್ಷೆಯ ಹಿಂದಿನ ರಾತ್ರಿ ಬರೀ ತಲೆಬರಹಗಳ ಮೇಲೆ ಕಣ್ಣಾಡಿಸುವುದು, ಪತ್ತೇದಾರಿ ಕಾದಂಬರಿಯ ಕೊನೆಯ ಪುಟವನ್ನು ಕದ್ದು ಓದುವುದು: ಕಣ್ಣಿದ್ದವರು ಓದುವಾಗ ಮಾಡುವ ಕೆಲಸಗಳಲ್ಲಿ ಅರ್ಧಕ್ಕರ್ಧ ಇಂಥವೇ. ಇವನ್ನೆಲ್ಲ ಕಿವಿಗೂ ಬೆರಳಿಗೂ ಒದಗಿಸಿಕೊಡುವ ತಂತ್ರಾಂಶ ಬರೆಯಲು ಸ್ವೀಡನ್, ಜಪಾನ್, ಅಮೆರಿಕ, ಫ್ರಾನ್ಸ್ ಅಂತ ದೇಶ ದೇಶಗಳಲ್ಲಿ ಜನ ಕೂತರು. ಬರೆದದ್ದನ್ನು ಯಾರು ಬೇಕಾದರೂ ಬಳಸಲಿ, ಬಿಚ್ಚಿ ನೋಡಲಿ, ತಿದ್ದಲಿ ಎಂದು ಹೊರಗಿಟ್ಟರು.

ದನಿಯಲ್ಲಿ ಪುಸ್ತಕವನ್ನು ಹಿಡಿದಿಡುವ ಆಸೆ ಹಳೆಯದು. 1877ರಲ್ಲಿ ಫೋನೋಗ್ರಾಫ್ ಮಾಡಿದ ಎಡಿಸನ್ ಅದರ ಉಪಯೋಗಗಳ ಪಟ್ಟಿ ಹಾಕಿದಾಗ ಅಂಧರಿಗಾಗಿ ಮಾತಾಡುವ ಪುಸ್ತಕವೂ ಅದರಲ್ಲಿತ್ತು. ಅದು ಕೈಗೂಡಲು ಅರ್ಧ ಶತಮಾನ ಹಿಡಿಯಿತು. ಬ್ರಿಟನ್ನಿನಲ್ಲಿ 1935ರ ನವೆಂಬರಿನಲ್ಲಿ ಮೊದಲ ಧ್ವನಿಪುಸ್ತಕಗಳು ಓದುಗರ ಮನೆಗೆ ಹೊರಟವು. ಅವುಗಳಲ್ಲೊಂದು ಅಗಾಥಾ ಕ್ರಿಸ್ಟಿಯ 'ದ ಮರ್ಡರ್ ಆಫ್ ರಾಜರ್ ಆಕ್ರಾಯ್ಡ್'. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡು ಬಂದ ಸೈನಿಕರು ಆಗ ನಡುವಯಸ್ಸಿನವರು. ದೊಡ್ಡವರಾದ ಮೇಲೆ ಬ್ರೈಲ್ ಕಲಿಯುವುದು ಎಲ್ಲರ ಬೆರಳಿಗೂ ಒಗ್ಗುವ ಮಾತಲ್ಲ. ಅಂಥವರಿಗೆ ಈ ಗ್ರಾಮಫೋನ್ ತಟ್ಟೆಗಳು ಬಂದವು. ನಿಮಿಷಕ್ಕೆ 24 ಸುತ್ತು, ಒಂದು ಬದಿಗೆ ಸುಮಾರು 25 ನಿಮಿಷದ ಓದು. ಒಂದು ಕಾದಂಬರಿಗೆ ಹತ್ತರ ಸುತ್ತಮುತ್ತ ತಟ್ಟೆಗಳಾಗುತ್ತಿದ್ದವು. ಕಥೆ ರಂಗೇರಿದ ಹೊತ್ತಿಗೆ ಎದ್ದು ಹೋಗಿ ತಟ್ಟೆ ಮಗುಚಿ ಹಾಕಬೇಕು.

ಆಮೇಲೆ ಕ್ಯಾಸೆಟ್ಟು ಬಂತು. ತೂಕ ಇಳಿಯಿತು, ಪುಟ ಮಾತ್ರ ಬರಲಿಲ್ಲ. ಕೆಲವು ಗ್ರಂಥಾಲಯಗಳು ಅದಕ್ಕೊಂದು ಉಪಾಯ ಹುಡುಕಿದವು. ಅಧ್ಯಾಯ ಶುರುವಾಗುವಲ್ಲಿ ಓದಿನ ದನಿಯ ಕೆಳಗೆ ತೀರ ತಗ್ಗಿದ ಸ್ವರವೊಂದನ್ನು ಸೇರಿಸುವುದು. ಮಾಮೂಲಿ ವೇಗದಲ್ಲಿ ಅದು ಓದಿಗೆ ಅಡ್ಡ ಬಾರದಷ್ಟು ಮೆಲ್ಲಗೆ ಗುಂಯ್‌ಗುಡುತ್ತದೆ. ಟೇಪನ್ನು ಜೋರಾಗಿ ಓಡಿಸಿದಾಗ ಅದೇ ಸ್ವರ ಏರಿ 'ಪೀಂ' ಎನ್ನುತ್ತದೆ. ಮೂರು ಪೀಂ ಎಣಿಸಿದರೆ ಮೂರನೇ ಅಧ್ಯಾಯ. ಎಣಿಕೆ ತಪ್ಪಿದರೆ ಮತ್ತೆ ಮೊದಲಿಂದ. ಹಾಗೆ ಎಣಿಸೆಣಿಸಿ ಪದವಿ ಮುಗಿಸಿದವರ ಒಂದು ಪೀಳಿಗೆಯೇ ಇದೆ.

1980ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ರಾಷ್ಟ್ರೀಯ ಧ್ವನಿಪುಸ್ತಕ ಗ್ರಂಥಾಲಯ ಈ ತೊಡಕನ್ನು ಬಿಡಿಸಲು ಕೂತಿತು. ಅಲ್ಲಿನ ವಿಶ್ವವಿದ್ಯಾಲಯಗಳ ಅಂಧ ವಿದ್ಯಾರ್ಥಿಗಳಿಗೆ ಬೇಕಾಗಿದ್ದದ್ದು ಎರಡು. ದಪ್ಪ ಪಠ್ಯಪುಸ್ತಕ ಒಂದೇ ಸಿ.ಡಿ.ಯಲ್ಲಿ ಹಿಡಿಯಬೇಕು; ಅದರೊಳಗೆ ಬೇಕಾದಲ್ಲಿಗೆ ಹೋಗಲು ದಾರಿ ಇರಬೇಕು. ಸಣ್ಣ ಕಂಪನಿಯೊಂದರ ಜತೆ ಸೇರಿ ಮಾದರಿ ಕಟ್ಟಿದರು, ಅದಕ್ಕೆ 'ಡೈಸಿ' ಅಂತ ಹೆಸರಾಯಿತು. 1996ರಲ್ಲಿ ಹಲವು ದೇಶಗಳ ಧ್ವನಿಪುಸ್ತಕ ಗ್ರಂಥಾಲಯಗಳು ಕೂಡಿ ಡೈಸಿ ಕನ್ಸೋರ್ಷಿಯಂ ಕಟ್ಟಿಕೊಂಡವು. ಒಬ್ಬ ಮಾರಾಟಗಾರನ ಗುಟ್ಟಿನ ವಿನ್ಯಾಸಕ್ಕೆ ಕಟ್ಟುಬಿದ್ದರೆ ಆ ಅಂಗಡಿ ಮುಚ್ಚಿದ ದಿನ ಇಡೀ ಗ್ರಂಥಾಲಯ ಮೂಕವಾಗುತ್ತದೆ ಎಂಬುದು ಅವರಿಗೆ ಹೊಳೆದಿತ್ತು. ಸ್ವತಃ ದೃಷ್ಟಿ ಕಳೆದುಕೊಂಡಿದ್ದ ಅಮೆರಿಕದ ಜಾರ್ಜ್ ಕರ್ಷರ್ ಅವರಂಥವರು ವೆಬ್ಬಿನ ಮುಕ್ತ ಮಾನದಂಡಗಳ ಮೇಲೇ ಪುಸ್ತಕ ನಿಲ್ಲಬೇಕೆಂದು ಹಟ ಹಿಡಿದರು. ಹಾಗಾಗಿ 1998ರ ಡೈಸಿ, ವೆಬ್ ಪುಟಗಳ ಎಚ್‌ಟಿಎಂಎಲ್ ಮತ್ತು ಅದೇ ವರ್ಷ ಹೊರಬಂದ ಸ್ಮಿಲ್ ಎಂಬ ಹೊಂದಾಣಿಕೆಯ ಭಾಷೆ, ಇವೆರಡರ ಮೇಲೆ ನಿಂತಿತು. 2001ರಲ್ಲಿ ಬಂದ 2.02 ಆವೃತ್ತಿಯ ಪುಸ್ತಕಗಳು ಇವತ್ತಿಗೂ ಓದುಗರ ಕೈಯಲ್ಲಿವೆ.

ಅಂಥದೊಂದು ಪುಸ್ತಕದ ಫೋಲ್ಡರನ್ನು ಬಿಚ್ಚಿ ನೋಡಬೇಕು. ಒಳಗೆ ಹತ್ತಿಪ್ಪತ್ತು ಎಂಪಿ3 ಫೈಲುಗಳಿರುತ್ತವೆ. ಅದು ಓದಿದವರ ದನಿ. ಪಕ್ಕದಲ್ಲೇ 'ಎನ್‌ಸಿಸಿ' ಹೆಸರಿನ ಒಂದು ಫೈಲು. ಅದು ಪುಸ್ತಕದ ಪರಿವಿಡಿ. ಭಾಗ, ಅಧ್ಯಾಯ, ಪ್ರಕರಣ, ಉಪಪ್ರಕರಣ ಎಂದು ಆರು ಮಟ್ಟದವರೆಗೆ ತಲೆಬರಹಗಳನ್ನು ಒಂದರೊಳಗೊಂದು ಇಡಬಹುದು; ಅವುಗಳ ನಡುವೆ ಅಚ್ಚಿನ ಪುಸ್ತಕದ ಪುಟಸಂಖ್ಯೆಗಳು ತಮ್ಮ ತಮ್ಮ ಜಾಗದಲ್ಲಿ ಕೂತಿರುತ್ತವೆ. ಮೂರನೆಯ ಬಗೆ ಸ್ಮಿಲ್ ಫೈಲುಗಳು. ಅದರಲ್ಲೊಂದನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಅಚ್ಚರಿಯಾಗುವಷ್ಟು ಸರಳ. ಪಠ್ಯದ ಈ ಸಾಲಿಗೆ ಆ ದನಿ ಫೈಲಿನ 12.4ನೇ ಸೆಕೆಂಡಿನಿಂದ 17.9ನೇ ಸೆಕೆಂಡಿನವರೆಗಿನ ತುಣುಕು. ಮುಂದಿನ ಸಾಲಿಗೆ 17.9ರಿಂದ 21.3. ಮತ್ತೊಂದಕ್ಕೆ 21.3ರಿಂದ 30. ಇಡೀ ಪುಸ್ತಕ ಇಂಥ ಸಾವಿರಾರು ಜೋಡಿಗಳಾಗಿ ಬಿಡಿಬಿಡಿಯಾಗಿ ಬರೆದಿದೆ. ಬೀಗವಿಲ್ಲ, ಗೂಢಲಿಪಿಯಿಲ್ಲ. ಪ್ರೋಗ್ರಾಮಿಂಗ್ ಕಲಿಯುತ್ತಿರುವ ಕಾಲೇಜು ಹುಡುಗಿಯೊಬ್ಬಳು ಒಂದು ಸಂಜೆ ಕೂತು ಇದನ್ನು ಓದಿ ಅರ್ಥಮಾಡಿಕೊಳ್ಳಬಹುದು. ನುಡಿಸುವ ಸಣ್ಣ ಪ್ಲೇಯರನ್ನು ಬರೆಯಲೂಬಹುದು. ಡೈಸಿ ಓದುವ ಮುಕ್ತ ತಂತ್ರಾಂಶಗಳು ಅಲ್ಲಲ್ಲಿ ಹುಟ್ಟಿಕೊಳ್ಳಲು ಕಾರಣ ಈ ತೆರೆದ ಬಾಗಿಲೇ.

ಈ ಜೋಡಿಗಳು ಹುಟ್ಟುವ ಜಾಗ ಸ್ಟುಡಿಯೊ. ಬೆಂಗಳೂರಿನ ಮಿತ್ರ ಜ್ಯೋತಿಯಂಥ ಸಂಸ್ಥೆಗಳು ವರ್ಷಗಟ್ಟಲೆ ಸ್ವಯಂಸೇವಕರ ದನಿಯಲ್ಲಿ ಪುಸ್ತಕ ಓದಿಸುತ್ತ ಬಂದಿವೆ. ಇಂಥ ಕೋಣೆಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ. ಗೋಡೆಗೆ ಸದ್ದು ಹೀರುವ ಹೊದಿಕೆ, ಒಂದು ಮೇಜು, ಒಂದು ಮೈಕು. ಫ್ಯಾನು ಹಾಕುವ ಹಾಗಿಲ್ಲ, ಕಾಗದ ಸರಕ್ಕೆನ್ನಬಾರದು, ಬಳೆ ತೆಗೆದಿಟ್ಟು ಬರಬೇಕು. ನಿವೃತ್ತ ಉಪಾಧ್ಯಾಯಿನಿಯೊಬ್ಬರು ಬಿ.ಎ. ಇತಿಹಾಸದ ಪಠ್ಯ ಓದುತ್ತಿದ್ದಾರೆ ಅನ್ನಿ. ಗಾಜಿನ ಆಚೆ ಕೂತ ಹುಡುಗ ಹೆಡ್‌ಫೋನ್ ಹಾಕಿಕೊಂಡು ತಲೆಬರಹ ಬಂದಾಗಲೆಲ್ಲ ಒಂದು ಕೀಲಿ ಒತ್ತುತ್ತಾನೆ, ಪುಟ ಬದಲಾದಾಗ ಇನ್ನೊಂದು.

"ಮೇಡಂ, ಪುಟದ ನಂಬರ್ ಹೇಳೋದು ಬಿಟ್ರಿ."

"ವಾಕ್ಯ ಅರ್ಧಕ್ಕಿತ್ತಲ್ಲಪ್ಪ. ನಡುವೆ ಹೇಳಿದ್ರೆ ಕೇಳೋರಿಗೆ ಕಿರಿಕಿರಿ ಆಗಲ್ವ?"

"ಆಗಲ್ಲ ಮೇಡಂ. ಬೇಡ ಅಂದೋರು ಅದನ್ನ ಮುಚ್ಚಿಟ್ಕೊಂಡು ಕೇಳಬಹುದು."

ಆ ಹುಡುಗ ಹೇಳಿದ್ದು ಡೈಸಿಯ ಜಾಣ್ಮೆಗಳಲ್ಲೊಂದು. ಪುಟಸಂಖ್ಯೆ, ಅಡಿಟಿಪ್ಪಣಿ, ಪಕ್ಕದ ಚೌಕದಲ್ಲಿ ಹಾಕಿದ ಹೆಚ್ಚಿನ ಮಾಹಿತಿ ಇವೆಲ್ಲ ಪುಸ್ತಕದೊಳಗೆ ಬೇರೆ ಬೇರೆ ಗುರುತಿನಡಿ ಕೂತಿರುತ್ತವೆ. ಕಾದಂಬರಿ ಓದುವವರು 'ಪುಟ ನಲವತ್ತೆರಡು' ಎಂಬ ದನಿಯನ್ನು ಅಡಗಿಸಿ ಕಥೆಯಲ್ಲೇ ಮುಳುಗಬಹುದು. ಪ್ರಬಂಧ ಬರೆಯಲು ಪುಟಸಂಖ್ಯೆ ಬೇಕಾದ ಎಂ.ಎ. ವಿದ್ಯಾರ್ಥಿ ಅದನ್ನು ಮತ್ತೆ ತೆರೆದುಕೊಳ್ಳಬಹುದು. ಉದ್ದದ ಕೋಷ್ಟಕವೊಂದರೊಳಗೆ ಸಿಕ್ಕಿಕೊಂಡವರಿಗೆ ಒಂದೇ ಒತ್ತಿಗೆ ಅದರಿಂದ ಆಚೆ ಬರುವ ದಾರಿಯೂ ಉಂಟು. ಆದರೆ ಪುಸ್ತಕದಲ್ಲಿ ಗುರುತು ಇದ್ದರೆ ಸಾಲದು. ಆ ಗುರುತನ್ನು ಬೆರಳಿಗೆ ತಲುಪಿಸುವುದು ಪ್ಲೇಯರಿನ ಕೆಲಸ.

ಡೈಸಿಗೆಂದೇ ಬಂದ ಕೈಯಂತ್ರಗಳಲ್ಲಿ ಫೋನಿನ ಹಾಗೆ ಅಂಕೆಗಳ ಗುಂಡಿಗಳಿರುತ್ತವೆ. ಹಲವು ಯಂತ್ರಗಳಲ್ಲಿ 2 ಮತ್ತು 8 ಮಟ್ಟ ಆರಿಸಲು, 4 ಮತ್ತು 6 ಹಿಂದೆ ಮುಂದೆ ಹೋಗಲು. ಪಳಗಿದ ಓದುಗ ಅದನ್ನು ಬಳಸುವುದನ್ನು ನೋಡಬೇಕು. 2 ಒತ್ತಿ 'ಅಧ್ಯಾಯ' ಎನ್ನುವ ತನಕ ಏರುತ್ತಾನೆ. 6, 6, 6. ಮೂರು ಅಧ್ಯಾಯ ದಾಟಿತು. ಪ್ರತಿಯೊಂದರ ಹೆಸರಿನ ಮೊದಲ ಎರಡು ಅಕ್ಷರ ಕೇಳುವಷ್ಟರಲ್ಲಿ ಮುಂದಿನದಕ್ಕೆ ಹಾರಿದ್ದಾನೆ. 8 ಒತ್ತಿ ಪ್ರಕರಣದ ಮಟ್ಟಕ್ಕೆ ಇಳಿದ. 6, 6. ಮತ್ತೆ 8, ಈಗ ವಾಕ್ಯದ ಮಟ್ಟ. ಒಂದು ವಾಕ್ಯ ಮುಂದೆ, ಎರಡು ಹಿಂದೆ. ಸಿಕ್ಕಿತು. ಬುಕ್‌ಮಾರ್ಕ್ ಒತ್ತಿ ಕಿವಿಯಿಂದ ಇಯರ್‌ಫೋನ್ ತೆಗೆದ. ಕಣ್ಣಿನ ಓದುಗ ಹಾಳೆ ಮಗುಚಿ ಅದೇ ವಾಕ್ಯ ಹುಡುಕಲು ಇದಕ್ಕಿಂತ ಬೇಗ ಆಗುತ್ತಿತ್ತೇ ಎಂದು ಕೇಳಿದರೆ ಹೌದೆನ್ನಲು ಯೋಚಿಸಬೇಕು.

ಕೈಯಂತ್ರಕ್ಕೆ ದುಡ್ಡು ಬೇಕು. ಶಾಲೆಯ ಲ್ಯಾಬಿನಲ್ಲೋ ಮನೆಯಲ್ಲೋ ಕಂಪ್ಯೂಟರ್ ಇದ್ದವರಿಗೆ ಅದೇ ಅನುಕೂಲ ಬಿಟ್ಟಿಯಾಗಿ ಸಿಗಲೆಂದು ಬಂದದ್ದು 'ಆಮಿಸ್' ಎಂಬ ತಂತ್ರಾಂಶ. ಜಪಾನಿನ ಅಂಗವಿಕಲರ ಪುನರ್ವಸತಿ ಸಂಘದ ಆಶ್ರಯದಲ್ಲಿ ಹುಟ್ಟಿ ಆಮೇಲೆ ಡೈಸಿ ಕನ್ಸೋರ್ಷಿಯಂ ಮಡಿಲಿಗೆ ಬಂದ ಇದು ವಿಂಡೋಸ್ ಕಂಪ್ಯೂಟರಿನಲ್ಲಿ ಓಡುತ್ತಿತ್ತು. ಮೂಲಸಂಕೇತ ಎಲ್ಲರಿಗೂ ತೆರೆದಿತ್ತು. ಪಠ್ಯ ಮತ್ತು ದನಿಯನ್ನು ಒಟ್ಟಿಗೆ ನಡೆಸಲು ಆಮ್‌ಸ್ಟರ್‌ಡ್ಯಾಮಿನ ಸಂಶೋಧನಾ ಕೇಂದ್ರವೊಂದು ಬರೆದು ಹೊರಗಿಟ್ಟಿದ್ದ 'ಆಂಬುಲಂಟ್' ಎಂಬ ಮುಕ್ತ ಸ್ಮಿಲ್ ಪ್ಲೇಯರನ್ನೇ ಆಮಿಸ್ಸಿನ ಮೂರನೇ ಆವೃತ್ತಿ ಒಳಗೆ ಕೂರಿಸಿಕೊಂಡಿತು. ಒಬ್ಬರು ಹಾಕಿದ ಅಡಿಪಾಯದ ಮೇಲೆ ಇನ್ನೊಬ್ಬರು ಗೋಡೆ ಎಬ್ಬಿಸುವುದು ಈ ಲೋಕದ ವಾಡಿಕೆ. ಅನುಮತಿಪತ್ರದಲ್ಲೇ ಅದಕ್ಕೆ ಒಪ್ಪಿಗೆ ಬರೆದಿರುತ್ತದೆ.

ಆಮಿಸ್ ತಾನೇ ಮಾತಾಡುತ್ತಿತ್ತು. ಮೆನು ತೆರೆದರೆ ಅದರ ಹೆಸರು ಹೇಳುತ್ತದೆ, ಗುಂಡಿಯ ಮೇಲೆ ಬಂದರೆ ಅದು ಯಾವ ಗುಂಡಿ ಎನ್ನುತ್ತದೆ. ಆ ಮಾತಿಗೆ ಮನುಷ್ಯರ ದನಿಯನ್ನೇ ಬಳಸಬಹುದಿತ್ತು. ಹಾಗಾಗಿ ಹೊಸ ಭಾಷೆಗೆ ಅದನ್ನು ಒಗ್ಗಿಸುವುದೆಂದರೆ ಬರಹ ಅನುವಾದಿಸಿ ಕೈತೊಳೆದುಕೊಳ್ಳುವ ಕೆಲಸವಲ್ಲ. ಮೈಕಿನ ಮುಂದೆ ಒಬ್ಬರು ಕೂತು 'ಪುಸ್ತಕ ತೆರೆ', 'ಮುಂದಿನ ಪುಟ', 'ಬುಕ್‌ಮಾರ್ಕ್ ಸೇರಿಸು', 'ಇದು ಕೊನೆಯ ಅಧ್ಯಾಯ' ಎಂಬಂಥ ತುಣುಕುಗಳನ್ನು ಒಂದೊಂದಾಗಿ, ಒಂದೇ ಏರಿಳಿತದಲ್ಲಿ ಹೇಳಿ ಮುಗಿಸಬೇಕು. ಒಂದು ತುಣುಕು ಬಿಟ್ಟುಹೋದರೆ ಅಲ್ಲಿ ಬಂದಾಗ ಪ್ರೋಗ್ರಾಮಿನ ಬಾಯಿ ಕಟ್ಟುತ್ತದೆ. ಇನ್ನೊಂದು ತಾಪತ್ರಯವೂ ಇತ್ತು. ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರನ್ನು ಕಂಪ್ಯೂಟರಿನಲ್ಲಿ ಮೊದಲೇ ಇಟ್ಟುಕೊಂಡವರಿಗೆ ಎರಡು ದನಿ ಒಟ್ಟಿಗೆ ಕೇಳಿ ತಲೆ ಕೆಡುತ್ತದೆ. ಅಂಥವರಿಗಾಗಿ ಪ್ರೋಗ್ರಾಮಿನ ಸ್ವಂತ ಮಾತನ್ನು ಆರಿಸಿಬಿಡುವ ಏರ್ಪಾಟು ಮಾಡಬೇಕಾಯಿತು. ಮಾತಾಡುವುದನ್ನು ಕಲಿಸುವಷ್ಟೇ ಶ್ರದ್ಧೆಯಿಂದ ಬಾಯಿ ಮುಚ್ಚಿಕೊಳ್ಳುವುದನ್ನೂ ತಂತ್ರಾಂಶಕ್ಕೆ ಕಲಿಸಬೇಕು.

ಪ್ಲೇಯರ್ ಬರೆಯುವವರನ್ನು ನಿಜವಾಗಿ ಕಾಡುವುದು ಕೂಡುವ ಜಾಗಗಳು. 12.4ರಿಂದ 17.9ರ ತುಣುಕು ಮುಗಿದು 17.9ರ ತುಣುಕು ಶುರುವಾಗಬೇಕು. ಪ್ರೋಗ್ರಾಮು ಪೆದ್ದಾಗಿ ಒಂದನ್ನು ನಿಲ್ಲಿಸಿ, ಫೈಲನ್ನು ಮತ್ತೆ ಹುಡುಕಿ, ಇನ್ನೊಂದನ್ನು ಹಚ್ಚಿದರೆ ಪ್ರತಿ ವಾಕ್ಯದ ಕೊನೆಗೂ ಸಣ್ಣದೊಂದು ಬಿಕ್ಕು ಕೇಳುತ್ತದೆ. ಕಣ್ಣಿಗಾದರೆ ಅಷ್ಟು ಸಣ್ಣ ಅಂತರ ಲೆಕ್ಕಕ್ಕಿಲ್ಲ. ಹತ್ತು ತಾಸು ಕೇಳುವ ಕಿವಿಗೆ ಅದು ಅಕ್ಕಿಯಲ್ಲಿ ಸಿಕ್ಕುವ ಕಲ್ಲು. ಆದ್ದರಿಂದ ಒಂದೇ ಫೈಲಿನಲ್ಲಿ ಒಂದರ ಕೊನೆ ಇನ್ನೊಂದರ ಮೊದಲಾಗಿದ್ದರೆ ದನಿಯನ್ನು ಮುಟ್ಟದೆ ಹರಿಯಲು ಬಿಟ್ಟು, ಪರದೆಯ ಮೇಲಿನ ಗುರುತನ್ನು ಮಾತ್ರ ಮುಂದಿನ ಸಾಲಿಗೆ ಸರಿಸಬೇಕು. ಅದರ ಮೇಲೆ ಎಂಪಿ3ಯ ಚೇಷ್ಟೆ ಬೇರೆ. ಮಾತಿನ ದಟ್ಟಣೆಗೆ ತಕ್ಕಂತೆ ಗಾತ್ರ ಹಿಗ್ಗಿ ಕುಗ್ಗುವ ಬಗೆಯ ಎಂಪಿ3 ಆದರೆ 'ಇಪ್ಪತ್ತನೇ ನಿಮಿಷಕ್ಕೆ ಹೋಗು' ಎಂದಾಗ ಅದು ಅಂದಾಜಿನ ಮೇಲೆ ಎಲ್ಲೋ ಹೋಗಿ ನಿಲ್ಲುತ್ತದೆ. ವಾಕ್ಯದ ಮೊದಲ ಪದ ತುಂಡಾಗುತ್ತದೆ. 'ಅಲ್ಲ' ಎಂಬುದು ಮೊದಲ ಪದವಾಗಿದ್ದು ಅದೇ ಬಿದ್ದುಹೋದರೆ ವಾಕ್ಯದ ಅರ್ಥವೇ ಬುಡಮೇಲು.

ವೇಗದ್ದು ಇನ್ನೊಂದು ಕಥೆ. ಅನುಭವಿ ಅಂಧ ಓದುಗರು ಧ್ವನಿಪುಸ್ತಕವನ್ನು ಇಮ್ಮಡಿ ವೇಗದಲ್ಲಿ ಕೇಳುವುದು ಮಾಮೂಲು. ಇನ್ನೂ ಹೆಚ್ಚಿನ ವೇಗಕ್ಕೆ ಪಳಗಿದವರೂ ಇದ್ದಾರೆ. ಪಕ್ಕದಲ್ಲಿ ಕೂತವರಿಗೆ ಬರೀ ಕಿಚಿಪಿಚಿ. ದನಿಯನ್ನು ಸುಮ್ಮನೆ ವೇಗವಾಗಿ ಓಡಿಸಿದರೆ ಸ್ವರ ಏರಿ ಓದುವವರು ಅಳಿಲಾಗುತ್ತಾರೆ. ಸ್ವರ ಹಾಗೇ ಉಳಿಸಿ ವೇಗ ಮಾತ್ರ ಹೆಚ್ಚಿಸಲು ದನಿಯ ಅಲೆಯಲ್ಲಿ ಒಂದೇ ಥರ ಮರುಕಳಿಸುವ ಸಣ್ಣ ತುಂಡುಗಳನ್ನು ಹುಡುಕಿ, ಅಲ್ಲಲ್ಲಿ ಒಂದನ್ನು ತೆಗೆದು, ಅಂಚುಗಳನ್ನು ಒಂದರೊಳಗೊಂದು ಬೆರೆಸಬೇಕು. ಬಿಲ್ ಕಾಕ್ಸ್ ಎಂಬ ಅಮೆರಿಕದ ಪ್ರೋಗ್ರಾಮರ್ 'ಸಾನಿಕ್' ಎಂಬ ಪುಟ್ಟ ಮುಕ್ತ ತಂತ್ರಾಂಶ ಬರೆದದ್ದು ಇದಕ್ಕಾಗಿಯೇ, ಇಮ್ಮಡಿಗೂ ಮೀರಿದ ವೇಗದಲ್ಲಿ ಮಾತು ಕೇಳುವ ಮಂದದೃಷ್ಟಿಯ, ಅಂಧ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು. ಅದು ಮುಂದೆ ಆಂಡ್ರಾಯ್ಡ್ ಒಳಗೂ ಸೇರಿತು. ನಮ್ಮ ಆಂಡ್ರಾಯ್ಡ್ ಫೋನುಗಳಲ್ಲಿ ಭಾಷಣವನ್ನೋ ಪಾಠವನ್ನೋ ಒಂದೂವರೆ ಪಟ್ಟು ವೇಗಕ್ಕಿಟ್ಟು ಕೇಳುವಾಗ ಎಷ್ಟೋ ಆಪ್‌ಗಳಲ್ಲಿ ತೆರೆಮರೆಯಲ್ಲಿ ದುಡಿಯುವುದು ಆ ಸಂಕೇತವೇ.

ಕಣ್ಣಿದ್ದವರು ಹೀಗೆ ಪಡೆದ ಸಾಲ ಇನ್ನೊಂದು ಕಡೆಯೂ ಇದೆ. ಇ-ಪುಸ್ತಕದಲ್ಲಿ ಅಧ್ಯಾಯಗಳ ಪಟ್ಟಿ ಬೆರಳಿಗೆ ಸಿಗುತ್ತದಲ್ಲ, ಇಪಬ್ ಎಂಬ ಇ-ಪುಸ್ತಕ ಮಾದರಿಯ ಎರಡನೇ ಆವೃತ್ತಿ ಆ ಪಟ್ಟಿಯ ವಿನ್ಯಾಸವನ್ನು ಎತ್ತಿಕೊಂಡದ್ದು ಡೈಸಿಯಿಂದ. 2011ರಲ್ಲಿ ಬಂದ ಇಪಬ್ 3 ಒಂದು ಹೆಜ್ಜೆ ಮುಂದೆ ಹೋಗಿ ಸಾಲಿಗೂ ದನಿಗೂ ಗಂಟು ಹಾಕುವ ಸ್ಮಿಲ್ ಉಪಾಯವನ್ನೂ ತೆಗೆದುಕೊಂಡಿತು. ಕಣ್ಣಿಲ್ಲದವರಿಗಾಗಿ ಹುಡುಕಿದ ದಾರಿಯಲ್ಲಿ ಕಣ್ಣಿದ್ದವರು ನಡೆಯುತ್ತಿದ್ದೇವೆ, ದಾರಿ ಯಾರು ಹಾಕಿದರೆಂದು ಕೇಳದೆ.

ಡೈಸಿಯ ಓದುಗರೆಲ್ಲ ಅಂಧರೂ ಅಲ್ಲ. ಅಕ್ಷರ ಕಾಣುತ್ತದೆ, ಆದರೆ ಸಾಲು ನಿಲ್ಲುವುದಿಲ್ಲ ಎನ್ನುವ ಡಿಸ್ಲೆಕ್ಸಿಯಾ ಇರುವ ಮಕ್ಕಳಿಗೆ ಓದುತ್ತಿರುವ ವಾಕ್ಯ ಪರದೆಯ ಮೇಲೆ ಬಣ್ಣದಲ್ಲಿ ಬೆಳಗುತ್ತ, ಜತೆಗೇ ದನಿ ಕೇಳುತ್ತ ಹೋದರೆ ಕಣ್ಣು ದಾರಿ ತಪ್ಪುವುದಿಲ್ಲ. ಜಪಾನಿನಲ್ಲಿ 2008ರಲ್ಲಿ ಇಂಥ ಮಕ್ಕಳ ಪಠ್ಯಪುಸ್ತಕಕ್ಕೆ ಕಾನೂನಿನ ಬೆಂಬಲ ಸಿಕ್ಕ ಮೇಲೆ ಡೈಸಿ ಪಠ್ಯಗಳು ಶಾಲೆಗಳಿಗೆ ಹೋದವು.

ಅದೇ ಜಪಾನಿನ ಉತ್ತರ ತುದಿಯ ಹೊಕ್ಕೈಡೊ ದ್ವೀಪದಲ್ಲಿ ಉರಕಾವಾ ಎಂಬ ಕರಾವಳಿ ಪಟ್ಟಣವಿದೆ. ಒಂದು ಕಡೆ ಪಂದ್ಯದ ಕುದುರೆಗಳ ಹುಲ್ಲುಗಾವಲು, ಇನ್ನೊಂದು ಕಡೆ ಪೆಸಿಫಿಕ್ ಸಾಗರ. ದಡದಲ್ಲಿ 'ಕೊಂಬು' ಎಂಬ ಕಡಲಪಾಚಿಯ ಉದ್ದನೆಯ ಪಟ್ಟಿಗಳನ್ನು ಹರವಿ ಒಣಗಿಸುತ್ತಾರೆ. ಸ್ಕಿಜೋಫ್ರೀನಿಯಾದಂಥ ಮಾನಸಿಕ ಕಾಯಿಲೆಯೊಡನೆ ಬದುಕುವವರು 1984ರಲ್ಲಿ ಅಲ್ಲಿ ಬೆಥೆಲ್ ಹೌಸ್ ಎಂಬ ಕೂಡುಮನೆ ಕಟ್ಟಿಕೊಂಡು ಅದೇ ಕೊಂಬು ಮಾರಿ ದುಡಿಯುತ್ತ ಬಂದರು. 2003ರ ಸೆಪ್ಟೆಂಬರಿನಲ್ಲಿ ಆ ಕರಾವಳಿ ದೊಡ್ಡ ಭೂಕಂಪಕ್ಕೆ ನಡುಗಿತು. ಸುನಾಮಿ ಬಂದರೆ ಎತ್ತ ಓಡಬೇಕು? ಸರ್ಕಾರದ ಕರಪತ್ರದ ಒತ್ತೊತ್ತಾದ ಅಕ್ಷರ ಅವರಲ್ಲಿ ಅನೇಕರಿಗೆ ಮನಸ್ಸಿಗಿಳಿಯುತ್ತಿರಲಿಲ್ಲ. ಡೈಸಿ ಆಂದೋಲನದ ಹಿರಿಯ ಹಿರೋಷಿ ಕವಾಮುರಾ ಮತ್ತು ಜತೆಗಾರರು ಅವರೊಡನೆ ಕೂತು ಡೈಸಿ ಕೈಪಿಡಿ ಮಾಡಿದರು. ಅದರಲ್ಲಿ ಅವರದೇ ಬೀದಿ, ಅವರದೇ ಮನೆಯಿಂದ ದಿಬ್ಬಕ್ಕೆ ಏರುವ ದಾರಿಯ ಚಿತ್ರ, ಒಂದೊಂದು ಚಿತ್ರಕ್ಕೂ ಒಂದೊಂದು ಚಿಕ್ಕ ವಾಕ್ಯ, ಅದನ್ನು ಓದುವ ದನಿ. ಅರ್ಥವಾಗದಿದ್ದರೆ ಒಂದು ಹೆಜ್ಜೆ ಹಿಂದೆ ಹೋಗಿ ಮತ್ತೆ ನೋಡಬಹುದು. ಅದನ್ನು ನೋಡಿ ನೋಡಿ, ನಡೆದು ನಡೆದು ಅಭ್ಯಾಸ ಮಾಡಿದರು. 2011ರ ಮಾರ್ಚ್ 11ರಂದು ಕಡಲು ನಿಜಕ್ಕೂ ಎದ್ದು ಬಂದಾಗ ಬೆಥೆಲ್ಲಿನವರು ಕಲಿತ ದಾರಿ ಹಿಡಿದು ದಿಬ್ಬ ಹತ್ತಿದ್ದರು. ಡೈಸಿ ಪುಸ್ತಕ ತಯಾರಿಸುವ ಮುಕ್ತ ಉಪಕರಣಗಳ ಯೋಜನೆಗೆ 'ಉರಕಾವಾ' ಎಂಬ ಆ ಊರಿನ ಹೆಸರೇ ಇದೆ.

ತಂತ್ರಾಂಶಕ್ಕೂ ಮುಪ್ಪು ಬರುತ್ತದೆ. ಪಠ್ಯ ತೋರಿಸಲು ಮೈಕ್ರೋಸಾಫ್ಟಿನ ಹಳೆಯ ಬ್ರೌಸರಿನ ಭಾಗವನ್ನು ನೆಚ್ಚಿಕೊಂಡಿದ್ದ ಆಮಿಸ್, ಕಾಲ ಬದಲಾದಂತೆ ಹಿಂದೆ ಬಿತ್ತು. ಅದರ ಬೆಳವಣಿಗೆ ನಿಂತಿತು. ಆದರೂ ಯಾರ ಪುಸ್ತಕವೂ ಮೂಕವಾಗಲಿಲ್ಲ. ಪುಸ್ತಕದ ಮಾದರಿ ಮುಕ್ತವಾಗಿದ್ದುದರಿಂದ ಬೇರೆಯವರು ಅದನ್ನು ಓದುವ ಪ್ಲೇಯರುಗಳನ್ನು ಬರೆದರು. ಲಿನಕ್ಸಿನ ಬರೀ ಅಕ್ಷರಗಳ ಕಪ್ಪು ಪರದೆಯಲ್ಲಿ ಓಡುವ 'ಡೈಸಿ-ಪ್ಲೇಯರ್' ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಭಂಡಾರದಲ್ಲಿದೆ. ಪ್ಯಾರಿಸ್ಸಿನ ಇಡಿಆರ್‌ಲ್ಯಾಬ್ ಎಂಬ ಲಾಭರಹಿತ ಸಂಸ್ಥೆ ಬೆಳೆಸುತ್ತಿರುವ 'ಥೋರಿಯಂ ರೀಡರ್' ಹೊಸ ಇಪಬ್ ಜತೆಗೆ ಹಳೆಯ ಡೈಸಿ 2.02, ಡೈಸಿ 3 ಪುಸ್ತಕಗಳನ್ನೂ ತೆರೆಯುತ್ತದೆ, ದುಡ್ಡಿಲ್ಲದೆ.

ದನಿ ಇಲ್ಲದ, ಬರೀ ಪಠ್ಯದ ಡೈಸಿ ಪುಸ್ತಕವೂ ಉಂಟು. ಅದಕ್ಕೆ ಕಂಪ್ಯೂಟರಿನ ಬಾಯಿ ಬೇಕು. ಕನ್ನಡದ ಕಥೆ ಶುರುವಾಗುವುದು ಇಲ್ಲಿ. ಆಸ್ಟ್ರೇಲಿಯದ ಅಂಧ ಯುವಕ ಮೈಕೆಲ್ ಕರನ್ 2006ರಲ್ಲಿ ಬರೆಯಲು ಶುರುಮಾಡಿದ ಎನ್‌ವಿಡಿಎ ಎಂಬ ಮುಕ್ತ ಸ್ಕ್ರೀನ್ ರೀಡರ್, ಜೊನಾಥನ್ ಡಡಿಂಗ್ಟನ್ ಬರೆದ ಬರಹವನ್ನು ದನಿಯಾಗಿಸುವ ಇಸ್ಪೀಕ್ ಎಂಬ ಮುಕ್ತ ವಾಚಕ, ಇವೆರಡರ ಜೋಡಿ ಎಷ್ಟೋ ಬಡ ವಿದ್ಯಾರ್ಥಿಗಳ ಕಂಪ್ಯೂಟರಿಗೆ ಮಾತು ಕೊಟ್ಟಿತು. ಇಸ್ಪೀಕ್ ಕನ್ನಡವನ್ನೂ ಓದುತ್ತದೆ. ದನಿ ತಗಡು ತಗಡು, ಭಾವವಿಲ್ಲ. ಆದರೆ ಅತಿ ವೇಗದಲ್ಲೂ ಅಕ್ಷರ ನುಂಗುವುದಿಲ್ಲ ಎಂದು ಅದನ್ನೇ ಇಷ್ಟಪಡುವವರಿದ್ದಾರೆ. ಅದರ ಕನ್ನಡದ ಕಟ್ಟಳೆಗಳೆಲ್ಲ ಸಾದಾ ಪಠ್ಯ ಫೈಲುಗಳಲ್ಲಿವೆ. ಕನ್ನಡದಲ್ಲಿ ಬರೆದಂತೆ ಓದುವುದು, ಇದೇನು ಕಷ್ಟ ಅನಿಸಬಹುದು. 'ಅಂಕ', 'ಅಂತ', 'ಅಂಬು' ಹೇಳಿ ನೋಡಿ: ಸೊನ್ನೆ ಒಂದೇ, ನಾಲಗೆ ಮೂರು ಕಡೆ ಹೋಗುತ್ತದೆ. 'ಫಲ', 'ಫೋನ್': ಅಕ್ಷರ ಒಂದೇ, ಉಸಿರು ಬೇರೆ. 'ಕಿ.ಮೀ.' ಎಂದಾಗ ಎರಡು ಕಡೆ ತಡೆದು ನಿಂತರೆ ಓದು ಕುಂಟುತ್ತದೆ. ಇಂಥ ಒಂದೊಂದಕ್ಕೂ ಯಾರೋ ಒಂದು ಸಾಲು ಬರೆದು ಸೇರಿಸಬೇಕು. ಬಿಗಿದು ಮುಚ್ಚಿದ ತಂತ್ರಾಂಶವಾದರೆ ಆ ಸಾಲಿಗಾಗಿ ಕಂಪನಿಗೆ ಅರ್ಜಿ ಹಾಕಿ ಕಾಯಬೇಕಿತ್ತು. ಕನ್ನಡದ ಗಿರಾಕಿಗಳೆಷ್ಟು ಎಂದು ಅವರು ಲೆಕ್ಕ ಹಾಕುತ್ತಿದ್ದರು. ಇಲ್ಲಿ ತಿಳಿದವರು ತಾವೇ ತಿದ್ದಿ ಕಳಿಸಬಹುದು.

ಕಾನೂನೂ ಈಗ ಓದುಗರ ಕಡೆಗಿದೆ. ಅಂಗವಿಕಲರು ಓದಬಲ್ಲ ರೂಪಕ್ಕೆ ಪುಸ್ತಕವನ್ನು ಇಳಿಸಲು 2012ರ ತಿದ್ದುಪಡಿಯಲ್ಲಿ ನಮ್ಮ ಹಕ್ಕುಸ್ವಾಮ್ಯ ಕಾಯ್ದೆ ಅವಕಾಶ ಕೊಟ್ಟಿತು. ಇದೇ ಉದ್ದೇಶದ 2013ರ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. 2016ರಲ್ಲಿ 'ಸುಗಮ್ಯ ಪುಸ್ತಕಾಲಯ' ಎಂಬ ಆನ್‌ಲೈನ್ ಗ್ರಂಥಾಲಯ ತೆರೆಯಿತು. ಪ್ಲೇಯರ್ ಇದೆ, ವಾಚಕ ಇದೆ, ಅನುಮತಿ ಇದೆ.

ಕೊಂಡಿ ಕಳಚುವುದು ಡಿಟಿಪಿ ಮೇಜಿನ ಬಳಿ. ಕನ್ನಡದ ಪುಸ್ತಕಗಳು ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಅಚ್ಚಿಗೆ ಹೋಗುತ್ತ ಬಂದಿವೆ. ಕಣ್ಣಿಗೆ ಅದು ಚೆಂದದ ಕನ್ನಡ. ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಅಂಥ ಫೈಲಿನಲ್ಲಿ 'ಕನ್ನಡ' ಎಂಬ ಪದ ಬಂದರೆ ಸ್ಕ್ರೀನ್ ರೀಡರಿಗೆ ಸಿಗುವುದು ಒಂದು 'ಪಿ', ತಲೆಯ ಮೇಲೆ ಗೀಟಿರುವ ಒಂದು 'ಎ', ಆಮೇಲೆ ಬ್ರಿಟನ್ನಿನ ಪೌಂಡ್ ಚಿಹ್ನೆ. ಯೂನಿಕೋಡಿಗೆ ತಿರುಗಿಸಿದರೂ ಒತ್ತಕ್ಷರಗಳು ಅಲ್ಲಲ್ಲಿ ಮುರಿದಿರುತ್ತವೆ. ಯಾರಾದರೂ ಕೂತು ಸಾಲು ಸಾಲಾಗಿ ತಿದ್ದಬೇಕು.

ಅದು ಸರಿಹೋದರೂ ತಲೆಬರಹದ ಸಮಸ್ಯೆ ಉಳಿಯುತ್ತದೆ. ಟೈಪು ಮಾಡುವವರು ಅಧ್ಯಾಯದ ಹೆಸರನ್ನು ಆರಿಸಿ, ದಪ್ಪ ಮಾಡಿ, ಗಾತ್ರ ಹಿಗ್ಗಿಸಿ ಮುಂದಕ್ಕೆ ಹೋಗುತ್ತಾರೆ. ಕಣ್ಣಿಗೆ ಅದು ತಲೆಬರಹ, ಪ್ಲೇಯರಿಗೆ ಇನ್ನೊಂದು ಸಾಲು ಅಷ್ಟೆ. ದಪ್ಪ ಮಾಡುವ ಬದಲು ವರ್ಡ್‌ನಲ್ಲಿರುವ 'ಹೆಡಿಂಗ್ 1' ಎಂಬ ಶೈಲಿಯನ್ನು ಒತ್ತಿದ್ದರೆ ಅದೇ ಸಾಲು ಅಧ್ಯಾಯದ ಬಾಗಿಲಾಗುತ್ತಿತ್ತು. ಆ ಗುರುತುಗಳನ್ನು ಹಿಡಿದು ವರ್ಡ್ ಫೈಲನ್ನು ನೇರವಾಗಿ ಡೈಸಿಗೆ ಇಳಿಸುವ 'ಸೇವ್ ಆಸ್ ಡೈಸಿ' ಎಂಬ ಮುಕ್ತ ಉಪಕರಣ 2008ರಲ್ಲೇ ಬಂದಿದೆ. ಮೈಕ್ರೋಸಾಫ್ಟ್ ಮತ್ತು ಡೈಸಿ ಕನ್ಸೋರ್ಷಿಯಂ ಜತೆ ಸೇರಿ ಅದನ್ನು ಕಟ್ಟಿದ್ದು ಬೆಂಗಳೂರಿನ ಸೊನಾಟಾ ಸಾಫ್ಟ್‌ವೇರ್. ನಮ್ಮೂರಿನಲ್ಲೇ ಕಟ್ಟಿದ ಉಪಕರಣಕ್ಕೆ ನಮ್ಮ ಭಾಷೆಯ ನೆಟ್ಟಗಿನ ಫೈಲುಗಳು ಸಿಗುತ್ತಿಲ್ಲವೆಂದರೆ ದೂರು ತಂತ್ರಜ್ಞಾನದ ಮೇಲೆ ಹಾಕುವಂತಿಲ್ಲ.

ಪ್ರಕಾಶಕರು ಮಾಡಬೇಕಾದದ್ದು ಬೆಟ್ಟದಷ್ಟೇನಲ್ಲ. ಯೂನಿಕೋಡಿನಲ್ಲಿ ಟೈಪು ಮಾಡಿಸಿ, ತಲೆಬರಹಕ್ಕೆ ಹೆಡಿಂಗ್ ಶೈಲಿ ಕೊಟ್ಟು, ಪುಸ್ತಕ ಅಚ್ಚಿಗೆ ಹೋಗುವ ದಿನ ಫೈಲಿನ ಒಂದು ಪ್ರತಿಯನ್ನು ಸುಗಮ್ಯ ಪುಸ್ತಕಾಲಯದಂಥ ಗ್ರಂಥಾಲಯಕ್ಕೆ ಕಳಿಸಿದರಾಯಿತು. ಪ್ಲೇಯರ್ ಬರೆದವರು ತಮ್ಮ ಪಾಲಿನದನ್ನು ಬಿಟ್ಟಿಯಾಗಿ ಕೊಟ್ಟು, ಬಿಚ್ಚಿಯೂ ಇಟ್ಟಿದ್ದಾರೆ. ಇನ್ನು ಫೈಲು ಕೊಡಬೇಕಾದವರು ಕೊಡಲಿ.